ಕಾಲಿಗೆ ಬುದ್ಧಿ ಹೇಳುವ ವಯಸ್ಸು

ಕಾಲಿಗೆ ಬುದ್ಧಿ ಹೇಳುವುದೆಂದರೆ ಕನ್ನಡದಲ್ಲಿ ಓಡಿಹೋಗುವುದೆಂದು ಅರ್ಥ. ಬಾಲ್ಯದಲ್ಲಿ ಎಲ್ಲರೂ ಈ ಕೆಲಸವನ್ನು ಸಮರ್ಥವಾಗಿ ನಿರ್ವಹಿಸಿದವರೇ. ನೆರೆಮನೆಯ ಮಾವಿನಮರವೂ ಗಣಿತದ ಮೇಷ್ಟರ ಬೆತ್ತವೂ ಅದಕ್ಕೆ ಸಾಕ್ಷಿ. ಅರವತ್ತು ದಾಟಿದ ಮೇಲೆ ಮಾತ್ರ ಕಾಲು ಬುದ್ಧಿ ಕೇಳುವುದನ್ನು ಬಿಟ್ಟು ತಾನೇ ಬುದ್ಧಿ ಹೇಳಲು ತೊಡಗುತ್ತದೆ. ‘ಮೆಟ್ಟಿಲು ಬೇಡ’ ಎನ್ನುತ್ತದೆ. ‘ನೆಲದ ಮೇಲೆ ಕೂರಬೇಡ’ ಎನ್ನುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಎಲೆ ಹಾಸಿದ್ದರೂ ‘ಮೇಜಿನ ಊಟವಿಲ್ಲವೇ?’ ಎಂದು ಯಜಮಾನನ ಬಾಯಿಂದಲೇ ಕೇಳಿಸುತ್ತದೆ. ಈ ಉಪದೇಶವನ್ನು ಎಷ್ಟರಮಟ್ಟಿಗೆ ಕೇಳಬೇಕು, ಎಲ್ಲಿ ಕೇಳಿಯೂ ಕೇಳದಂತಿರಬೇಕು ಎಂಬುದರಲ್ಲಿಯೇ ಮುಪ್ಪಿನ ಅರ್ಧ ಸುಖ ಅಡಗಿದೆ.

ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ಕಡಲಿನ ಮೊರೆತ ಕೇಳುವಷ್ಟು ಹತ್ತಿರದಲ್ಲಿರುವ ಉಪ್ಪುಂದದಂತಹ ಊರಿನಲ್ಲಿ ಬದುಕೆಲ್ಲ ಮಂಡಿಯ ಬಲದ ಮೇಲೆಯೇ ನಡೆದುಬಂದುದು. ಕೈರಂಪಣಿ ಬಲೆಯನ್ನು ದಡಕ್ಕೆಳೆಯುವಾಗ ಮರಳಿನಲ್ಲಿ ಹಿಮ್ಮಡಿಯೂರಿ ಹಿಂದಹಿಂದಕ್ಕೆ ಸರಿಯಬೇಕು. ಬಂದ ಮೀನನ್ನು ಆಯಲು ಕುಕ್ಕುರುಗಾಲಿನಲ್ಲಿ ಕೂರಬೇಕು. ನಟ್ಟಿಯ ದಿನಗಳಲ್ಲಿ ಕೆಸರುಗದ್ದೆಗೆ ಬಾಗಿದ ಸೊಂಟ ಮಧ್ಯಾಹ್ನದ ಗಂಜಿಯ ಹೊತ್ತಿಗಷ್ಟೇ ನೆಟ್ಟಗಾಗುವುದು. ಹೀಗೆ ದುಡಿದವರಿಗೆ ಮಂಡಿನೋವೇ ಬಾರದೆಂದು ನಂಬುವುದು ಪಟ್ಟಣಿಗರ ಕಲ್ಪನಾವಿಲಾಸ. ದಶಕಗಳ ಕಾಲ ಕುಕ್ಕುರುಗಾಲಿನಲ್ಲಿ ಕುಳಿತು, ಭಾರ ಹೊತ್ತು ದುಡಿದವರ ಮಂಡಿ ಇತರರಿಗಿಂತ ಹೆಚ್ಚು ಸವೆಯುವುದುಂಟೆಂದು ವೈದ್ಯರು ಹೇಳುತ್ತಾರೆ. ದುಡಿದ ಮಂಡಿ ಒಂದು ದಿನ ದೂರು ಕೊಟ್ಟರೆ ಅದು ಅದರ ನ್ಯಾಯವಾದ ಹಕ್ಕು.

‘ಹ್ವಾಯ್, ಕಾಲ್ನೋವ್ ಹ್ಯಾಂಗಿತ್ತ್?’ ಎಂದು ನೆರೆಯಾಕೆ ಬೇಲಿಯಾಚೆಯಿಂದ ಕೇಳಿದರೆ, ‘ಅದ್ ಇದ್ದಲ್ಲೇ ಇತ್ತ್, ನಂಗೇ ಎಲ್ಲಿಗೂ ಹೋಪುಕ್ ಆತಿಲ್ಲೆ’ ಎಂದು ಜಗಲಿಯಿಂದ ಉತ್ತರ ಬರುತ್ತದೆ. ಇಬ್ಬರೂ ನಗುತ್ತಾರೆ. ಆದರೆ ಆ ಮಾತನ್ನು ದೂರವಾಣಿಯಲ್ಲಿ ಕೇಳಿದ ಮಗನಿಗೆ ನಗು ಬರುವುದಿಲ್ಲ. ಈ ಸೀಮೆಯ ಎಷ್ಟೋ ಮನೆಗಳ ಮಕ್ಕಳು ಹೋಟೆಲು, ನೌಕರಿಗಳ ನಿಮಿತ್ತ ಬೆಂಗಳೂರು, ಮುಂಬಯಿಗಳನ್ನು ಸೇರಿದವರು. ಅವನು ಓಡಿಬಂದು ತಾಯಿಯನ್ನು ನಗರಕ್ಕೆ ಕರೆದೊಯ್ಯುತ್ತಾನೆ. ಮೂರನೆಯ ಮಹಡಿಯ ಮನೆ, ಮೆತ್ತನೆಯ ಸೋಫಾ, ಕೈಗೆಟಕುವಂತೆ ನೀರಿನ ಚೊಂಬು. ಆಕೆ ಲೋಟ ತೊಳೆಯಲೆಂದು ಎದ್ದರೆ ಸೊಸೆ ಕಸಿದುಕೊಳ್ಳುತ್ತಾಳೆ. ಹಿತ್ತಲನ್ನು ನೆನೆದು ಬಾಲ್ಕನಿಯ ತುಳಸಿಗೆ ನೀರೆರೆಯಹೋದರೆ ಮೊಮ್ಮಗ ಮುಂದಾಗುತ್ತಾನೆ. ‘ಅಬ್ಬೀ, ನೀ ಸುಮ್ನೆ ಕೂಕೊ’ ಎಂಬುದೇ ಆ ಮನೆಯ ಮಂಗಳಾರತಿ. ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ಆಕೆಯೂ ಪ್ರೀತಿಯಿಂದಲೇ ಕೂರುತ್ತಾಳೆ. ಆರು ತಿಂಗಳು ಕಳೆದು ನೋಡಿದರೆ, ಮೊದಲು ನೋಯುತ್ತ ನಡೆಯುತ್ತಿದ್ದವಳು ಈಗ ನೋಯುತ್ತ ಕುಳಿತಿದ್ದಾಳೆ. ಏಳಬೇಕಾದರೆ ಒಬ್ಬರ ಕೈ ಬೇಕು. ಇಂಥ ತಾಯಂದಿರು ಒಬ್ಬಿಬ್ಬರಲ್ಲ.

ಇದರಲ್ಲಿ ಯಾರ ದೋಷವೂ ಇಲ್ಲ. ದೋಷವಿರುವುದು ಒಂದು ಉಪಮಾನದಲ್ಲಿ. ಮಂಡಿಯನ್ನು ಎಲ್ಲರೂ ಗಾಡಿಯ ಅಚ್ಚಿಗೆ ಹೋಲಿಸುತ್ತಾರೆ: ಸವೆದಿದೆ, ಇನ್ನು ತಿರುಗಿಸಿದಷ್ಟೂ ಸವೆಯುತ್ತದೆ, ಆದುದರಿಂದ ನಿಲ್ಲಿಸಿಡುವುದೇ ಲೇಸು. ಆದರೆ ಅಚ್ಚಿಗೆ ಜೀವವಿಲ್ಲ, ಮಂಡಿಗಿದೆ. ಎರಡು ಮೂಳೆಗಳ ತುದಿಗೆ ಹೊದಿಸಿದ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅದರ ಆಹಾರವೆಲ್ಲ ಕೀಲಿನೊಳಗಿನ ದ್ರವದಿಂದಲೇ ಬರಬೇಕು. ಹೆಜ್ಜೆಯಿಟ್ಟಾಗ ಅದು ಒತ್ತಲ್ಪಡುತ್ತದೆ, ಹೆಜ್ಜೆಯೆತ್ತಿದಾಗ ಸಡಿಲಗೊಂಡು, ನೀರಿಗದ್ದಿದ ಅರಿವೆಯಂತೆ ಆ ದ್ರವವನ್ನು ಹೀರಿಕೊಳ್ಳುತ್ತದೆ. ನಡಿಗೆಯೇ ಅದರ ಊಟ. ಜೊತೆಗೆ, ಮಂಡಿಯ ಭಾರವನ್ನು ಹಂಚಿಕೊಳ್ಳುವ ಗೆಳೆಯನೆಂದರೆ ತೊಡೆಯ ಮುಂಭಾಗದ ಸ್ನಾಯು. ಕುಳಿತವರಲ್ಲಿ ಮೊದಲು ಬಡವಾಗುವುದೂ ಅದೇ. ನೋವೆಂದು ಕುಳಿತರೆ ಸ್ನಾಯು ಸೊರಗುತ್ತದೆ. ಸ್ನಾಯು ಸೊರಗಿದರೆ ಭಾರವೆಲ್ಲ ಕೀಲಿಗೇ ಬೀಳುತ್ತದೆ. ಭಾರ ಬಿದ್ದಂತೆ ನೋವು ಬೆಳೆಯುತ್ತದೆ. ಸಾಲದ ಬಡ್ಡಿಗೆ ಮತ್ತೆ ಸಾಲ ಮಾಡಿದಂತಹ ಈ ಚಕ್ರವನ್ನು ಮುರಿಯುವ ಉಪಾಯ, ಎದ್ದು ನಿಲ್ಲುವುದು.

ಎದ್ದು ನಿಲ್ಲುವುದೆಂದರೆ ಹಠಕ್ಕೆ ಬಿದ್ದು ಬೆಟ್ಟ ಹತ್ತುವುದಲ್ಲ. ಮೊದಲು ನೋವಿನ ಜಾತಿಯನ್ನು ತಿಳಿಯಬೇಕು. ಕೀಲು ಕೆಂಪೇರಿ ಬಿಸಿಯಾಗಿ ಊದಿಕೊಂಡಿದ್ದರೆ, ಜ್ವರವಿದ್ದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲಿದರೆ ಅದು ಸಾಮಾನ್ಯವಾಗಿ ವಯಸ್ಸಿನ ಸವೆತದ ಲಕ್ಷಣ. ಗಂಟೆಗಟ್ಟಲೆ ಬಿಡದಿದ್ದರೆ ಬೇರೆ ಬಗೆಯ ವಾತವಿರಬಹುದು, ಅದಕ್ಕೆ ಬೇರೆಯೇ ಚಿಕಿತ್ಸೆಯುಂಟು. ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ತಿಂಗಳುಗಟ್ಟಲೆ ನುಂಗಿದರೆ ಮಂಡಿಯ ಸಂಕಟ ಹೊಟ್ಟೆಗೂ ಮೂತ್ರಪಿಂಡಕ್ಕೂ ವರ್ಗವಾಗುವ ಭಯವಿದೆ.

ಸವೆತದ ನೋವೆಂದು ವೈದ್ಯರು ಹೇಳಿದ ಮೇಲೆ ಮದ್ದು ಮನೆಯಲ್ಲಿಯೇ ಇದೆ. ಗಟ್ಟಿಯಾದ ಕುರ್ಚಿಯಿಂದ, ಸಾಧ್ಯವಾದರೆ ಕೈಯೂರದೆ, ಹತ್ತು ಬಾರಿ ಏಳುವುದು, ಕೂರುವುದು. ಮಲಗಿದಲ್ಲಿ ಮಂಡಿಯ ಕೆಳಗೆ ಸುತ್ತಿದ ಬೈರಾಸನ್ನಿಟ್ಟು, ಅದನ್ನು ಒತ್ತಿ ಐದೆಣಿಸಿ ಬಿಡುವುದು. ಚಿಟಿಕೆ ಹೊಡೆದಷ್ಟು ಸುಲಭವೆಂದು ಕಾಣುವ ಈ ಕೆಲಸಗಳೇ ತೊಡೆಗೆ ಕಸುವು ತರುತ್ತವೆ. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಎರಡನೆಯ ಬಾರಿ ಪಾಯಸ ಬಡಿಸಿಕೊಳ್ಳುವಾಗ ಈ ಲೆಕ್ಕ ನೆನಪಿಗೆ ಬಂದರೆ ಸಾಕು. ಊರುಗೋಲನ್ನು ನೋಯುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಬಹುಮಂದಿ ಹಿಡಿಯುವುದು ಅದೇ ಬದಿಯ ಕೈಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಯಂತೆ ಹಿರಿಯರಿಗೂ ವಾರಕ್ಕೆ 150 ನಿಮಿಷಗಳ ಮಧ್ಯಮ ಚಟುವಟಿಕೆ ಬೇಕು. ದಿನಕ್ಕೆ ಇಪ್ಪತ್ತೆರಡು ನಿಮಿಷ ಚುರುಕಾಗಿ ನಡೆದರೆ ಅದು ಮುಗಿಯಿತು. ಒಮ್ಮೆಗೇ ಆಗದವರು ಹತ್ತು ಹತ್ತು ನಿಮಿಷ ನಡೆದರೂ ಸಂದಾಯವಾಗುತ್ತದೆ. ಕಡಲ ತೀರದವರು ಹೂತುಹೋಗುವ ಒಣಮರಳನ್ನು ಬಿಟ್ಟು, ಇಳಿತದ ಹೊತ್ತಿನಲ್ಲಿ ಗಟ್ಟಿಯಾದ ಹಸಿಮರಳಿನ ಮೇಲೆ ನಡೆಯುವುದು ಮೇಲು. ನಡೆದ ನೋವು ಮರುದಿನಕ್ಕೂ ಉಳಿದರೆ ಅಂದು ಅಳತೆ ಕಡಮೆ ಮಾಡಬೇಕು. ಇನ್ನು ಅಜ್ಜಿಯರ ಲಕ್ಕಿಸೊಪ್ಪಿನ ಬಿಸಿನೀರು: ಅದು ಸವೆದುದನ್ನು ಮರಳಿ ಬೆಳೆಸಲಾರದು, ಆದರೆ ಹಂಡೆಯ ನೀರಿನ ಕಾವಿಗೆ ಬಿಗಿದ ಸ್ನಾಯು ಸಡಿಲುವುದಂತೂ ನಿಜ. ಸಡಿಲಿದ ಆ ಸುಮುಹೂರ್ತವನ್ನು ಹಾಸಿಗೆಗೆ ಕೊಡದೆ ನಡಿಗೆಗೆ ಕೊಡುವುದು ಜಾಣತನ.

ಈ ಸೀಮೆಯವರಿಗೆ ಇದನ್ನೆಲ್ಲ ಕಲಿಸಲು ದೂರದಿಂದ ಪಂಡಿತರು ಬರಬೇಕಾಗಿಲ್ಲ. ಅವರು ಇರುಳಿಡೀ ನೋಡಿದ ಯಕ್ಷಗಾನವೇ ಸಾಕು. ಬಡಗುತಿಟ್ಟಿನ ವೇಷಧಾರಿ ಮಂಡಿಯನ್ನು ನೆಲಕ್ಕೂರಿ ಬುಗುರಿಯಂತೆ ಸುತ್ತುವಾಗ ನೋಡುವವರ ಮಂಡಿಯೇ ಚುರುಗುಟ್ಟುತ್ತದೆ. ಆ ಹೊಡೆತ ಕೀಲಿಗೆ ಹಿತವೆಂದು ಯಾರೂ ಹೇಳರು. ಆದರೂ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2012ರಲ್ಲಿ ಪದ್ಮಶ್ರೀ ಪಡೆದಾಗ ಎಂಬತ್ತರ ಹೊಸ್ತಿಲಲ್ಲಿದ್ದರು. ಅದಾದ ಮೇಲೂ ಗೆಜ್ಜೆ ಬಿಚ್ಚಲಿಲ್ಲ. 84 ವರ್ಷ ಬಾಳಿ 2017ರಲ್ಲಿ ತೀರಿಕೊಂಡ ಅವರು ಆ ಕೊನೆಯ ವರ್ಷದವರೆಗೂ ರಂಗಸ್ಥಳಕ್ಕೆ ಬರುತ್ತಿದ್ದರು. ಹಿರಿಯ ಕಲಾವಿದನಿಗೆ ತಿಳಿದಿರುವ ಗುಟ್ಟೊಂದಿದೆ. ಹತ್ತು ಸುತ್ತಿನ ಜಾಗದಲ್ಲಿ ಎರಡು ಸುತ್ತು ಸಾಕು. ಮಿಕ್ಕುದನ್ನು ಕಣ್ಣು, ಕೈ, ಮಾತುಗಳು ತುಂಬಿಕೊಡುತ್ತವೆ. ಕುಣಿತದ ಅಳತೆ ಬದಲಾಗಬಹುದು, ಆಟ ನಿಲ್ಲಬೇಕಾಗಿಲ್ಲ.

ನಿಲ್ಲಿಸಿದರೆ ನಷ್ಟವಾಗುವುದು ಮಂಡಿಗಿಂತ ಹೆಚ್ಚಾಗಿ ಮನಸ್ಸಿಗೆ. ಉಪ್ಪುಂದದ ದುರ್ಗಾಪರಮೇಶ್ವರಿಯ ತೇರಿಗೆ ಮಕ್ಕಳೆಲ್ಲ ಊರಿಗೆ ಹೊರಟಾಗ, ‘ನೀವು ಹೋಗಿ ಬನ್ನಿ, ನಾನು ಬಂದರೆ ನಿಮಗೇ ಕಷ್ಟ’ ಎಂದು ತಾಯಿ ಹೇಳುವ ಮಾತಿನಲ್ಲಿ ಕಾಲಿನ ನೋವಿಗಿಂತ ದೊಡ್ಡದೊಂದು ನೋವಿದೆ. ತಾನು ಹೊರೆಯಾದೆನೆಂಬ ಭಾವನೆಗೆ ಯಾವ ತೈಲವೂ ಇಲ್ಲ. ಆ ಮಾತು ಹುಟ್ಟದಂತೆ ನೋಡಿಕೊಳ್ಳುವುದು ಮಕ್ಕಳ ಕೈಯಲ್ಲಿದೆ. ಆಕೆಯ ಕೈಯಿಂದ ಲೋಟ ಕಸಿದುಕೊಳ್ಳದಿರಲಿ. ತುಳಸಿಗೆ ಆಕೆಯೇ ನೀರೆರೆಯಲಿ. ಸಂಜೆಯ ಹತ್ತು ನಿಮಿಷ ಯಾರಾದರೊಬ್ಬರು ಆಕೆಯೊಡನೆ, ಆಕೆಯ ವೇಗದಲ್ಲಿಯೇ ನಡೆಯಲಿ. ಒಂದು ಕಾಲದಲ್ಲಿ ಆ ಪುಟ್ಟ ಕಾಲುಗಳಿಗೆ ಹೆಜ್ಜೆ ಕಲಿಸುವಾಗ ಆಕೆಯೂ ತನ್ನ ವೇಗವನ್ನು ಹಾಗೆಯೇ ತಗ್ಗಿಸಿಕೊಂಡಿದ್ದಳು. ಮಗು ಬಿದ್ದೀತೆಂದು ಹೆದರಿ ತೊಟ್ಟಿಲಲ್ಲೇ ಇರಿಸಿದ್ದರೆ ಇಂದು ಮಗ ಬೆಂಗಳೂರನ್ನು ತಲುಪುತ್ತಿರಲಿಲ್ಲ.