ರೆಕ್ಕೆಯೂ ಕತ್ತರಿಯೂ

‘ಸಾಕು’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಪೊರೆ, ಪೋಷಿಸು ಎಂಬುದೊಂದು; ಇಷ್ಟೇ ಆಯಿತು, ಇನ್ನು ಬೇಡ ಎಂಬುದು ಇನ್ನೊಂದು. ಪ್ರಾಣಿಪಕ್ಷಿಗಳನ್ನು ಮನೆಯಲ್ಲಿ ಇರಿಸಿಕೊಂಡವರಿಗೆ ಈ ಎರಡು ಅರ್ಥಗಳೂ ದಿನಕ್ಕೊಮ್ಮೆಯಾದರೂ ಕೂಡಿಯೇ ಹೊಳೆಯುತ್ತವೆ. ಕಳೆದ ವರ್ಷ ನಮ್ಮ ಮನೆಗೆ ಒಂದು ಹಕ್ಕಿ ಬಂದಂದಿನಿಂದ ನನ್ನ ಸ್ಥಿತಿಯೂ ಇದೇ ಆಗಿದೆ.

ಐದನೆಯ ತರಗತಿಯಲ್ಲಿ ಓದುವ ಮೊಮ್ಮಗಳಿಗೆ ಅವಳ ಸೋದರಮಾವ ಪೇಟೆಯಿಂದ ತಂದುಕೊಟ್ಟ ಹಕ್ಕಿ ಅದು. ಅಂಗೈಯಲ್ಲಿ ಅಡಗುವಷ್ಟು ಗಾತ್ರ. ಹಸುರು ಮೈ, ಹಳದಿ ಮೋರೆ, ಬೆನ್ನಿನ ಮೇಲೆ ಅಲೆಯಂತೆ ಸಾಗಿದ ಕರಿಯ ಗೆರೆಗಳು. ಅಂಗಡಿಯಲ್ಲಿ ಅದನ್ನು ‘ಲವ್ ಬರ್ಡ್’ ಎಂದು ಮಾರುತ್ತಾರೆ. ಆ ಹೆಸರು ಸರಿಯಲ್ಲ. ನಿಜವಾದ ಲವ್ ಬರ್ಡ್ ಆಫ್ರಿಕದ ಕಿರುಗಿಳಿ; ಇದು ಆಸ್ಟ್ರೇಲಿಯದ ‘ಬಜರಿಗರ್’. ಮೊಮ್ಮಗಳು ಅದನ್ನು ಮೊಟಕುಗೊಳಿಸಿ ‘ಬಡ್ಜಿ’ ಎನ್ನುತ್ತಾಳೆ. ನನ್ನಾಕೆಯ ಕಿವಿಗೆ ಅದು ‘ಬಜ್ಜಿ’ ಎಂದೇ ಕೇಳಿಸುತ್ತದೆ. ಆ ಖಂಡದ ಒಣಭೂಮಿಯಲ್ಲಿ ಮಳೆಯನ್ನೂ ಹುಲ್ಲಿನ ಬೀಜವನ್ನೂ ಅರಸುತ್ತ, ದೊಡ್ಡ ದೊಡ್ಡ ಹಿಂಡುಗಳಾಗಿ ಊರಿಂದೂರಿಗೆ ಅಲೆಯುವ ಹಕ್ಕಿಯಿದು. ಪಕ್ಷಿಶಾಸ್ತ್ರಜ್ಞ ಜಾನ್ ಗೌಲ್ಡ್ ೧೮೪೦ರಲ್ಲಿ ಇದನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದನು. ಅಂದಿನಿಂದ ಅದು ಲೋಕದ ಪಂಜರಗಳಲ್ಲೆಲ್ಲ ತುಂಬಿಕೊಂಡಿತು. ನೀಲಿ, ಬಿಳಿ ಮೊದಲಾದ ಬಣ್ಣಗಳು ಪಂಜರದಲ್ಲಿ ಸಾಕಿದವರು ಆಯ್ದು ಬೆಳೆಸಿದವು. ಕಾಡಿನ ಬಣ್ಣ ಈ ಹಸುರು ಹಳದಿಯೇ.

ವಾರವೆರಡು ಕಳೆಯುವುದರೊಳಗೆ ಮನೆಯಲ್ಲಿ ವ್ಯಾಜ್ಯ ಹುಟ್ಟಿತು. ಸಂಜೆ ಪಂಜರದ ಬಾಗಿಲು ತೆರೆದೊಡನೆ ಹಕ್ಕಿ ಚಾವಡಿಯನ್ನು ನಾಲ್ಕು ಸುತ್ತು ಹಾರಿ ಫ್ಯಾನಿನ ಎಲೆಯ ಮೇಲೆ ಕುಳಿತುಕೊಳ್ಳತೊಡಗಿತು. “ಇದರ ರೆಕ್ಕೆ ಸ್ವಲ್ಪ ಕತ್ತರಿಸಿಬಿಡಿ” ಎಂದು ನನ್ನಾಕೆ ಹೇಳಿದಳು. ಮೊಮ್ಮಗಳು ಪಂಜರವನ್ನು ಅಪ್ಪಿಕೊಂಡು, “ಬೇಡ ಅಜ್ಜ, ಬೇಡವೇ ಬೇಡ” ಎಂದು ಅಳತೊಡಗಿದಳು. ಆ ಹೊತ್ತಿಗೆ ಬಂದ ನೆರೆಮನೆಯವರು, “ಅಳುವಂಥದ್ದು ಏನುಂಟು ಮಾಷ್ಟ್ರೇ? ಎರಡು ಗರಿ ಕತ್ತರಿಸಿದರೆ ಕೋಳಿಯ ಹಾಗೆ ನೆಲದಲ್ಲಿ ತಿರುಗಿಕೊಂಡಿರುತ್ತದೆ” ಎಂದು ತೀರ್ಪಿತ್ತರು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನೆಂಬ ಕಾರಣದಿಂದ ಮೇಲ್ಮನವಿ ನನ್ನೆದುರಿಗೆ ಬಂದಿತು.

ನನ್ನಾಕೆಯ ವಾದವನ್ನು ಹಗುರವಾಗಿ ಕಾಣುವಂತಿರಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಬೀದಿಯ ಒಂದು ಮನೆಯಲ್ಲಿ ಇಂಥದೇ ಹಕ್ಕಿ ತಿರುಗುತ್ತಿದ್ದ ಫ್ಯಾನಿಗೆ ಸಿಕ್ಕಿ ಸತ್ತುದನ್ನು ಅವಳು ಕಣ್ಣಾರೆ ಕಂಡಿದ್ದಳು. ಅವಳು ಕತ್ತರಿಯನ್ನು ಬಯಸಿದ್ದು ಕರುಣೆಯಿಂದಲೇ. ಹೀಗೆ ಕರುಣೆ ಎರಡೂ ಪಕ್ಷಗಳಲ್ಲಿ ನಿಂತಾಗ ತೀರ್ಪು ಕಷ್ಟವಾಗುತ್ತದೆ. ಅದಕ್ಕಾಗಿ ನಾನು ಒಂದು ವಾರದ ವಾಯಿದೆ ಕೇಳಿ, ಪುಸ್ತಕಗಳನ್ನು ತಿರುವಿಹಾಕಿದೆ. ಪಶುವೈದ್ಯರನ್ನೂ ಕಂಡು ಬಂದೆ.

ಹಕ್ಕಿಯ ರೆಕ್ಕೆಯೆಂದರೆ ನಮ್ಮ ಕೈಯೇ ಬೇರೆ ರೂಪವನ್ನು ತಾಳಿದುದು. ತೋಳು, ಮುಂಗೈ, ಹಸ್ತ ಎಂಬ ಭಾಗಗಳು ಅದರಲ್ಲಿಯೂ ಉಂಟು. ಹಸ್ತದಿಂದ ಹೊರಟ ಉದ್ದನೆಯ ಹತ್ತು ಗರಿಗಳು ದೋಣಿಯ ಹುಟ್ಟಿನಂತೆ ಅದನ್ನು ಮುಂದಕ್ಕೆ ನೂಕುತ್ತವೆ. ಮುಂಗೈಯಿಂದ ಹೊರಟ ಗಿಡ್ಡ ಗರಿಗಳು ಅದನ್ನು ಗಾಳಿಯಲ್ಲಿ ಎತ್ತಿಹಿಡಿಯುತ್ತವೆ. ರೆಕ್ಕೆ ಕತ್ತರಿಸುವುದು ಎಂದು ನಾವು ಆಡುವ ಮಾತು ನಿಜಕ್ಕೂ ಗರಿ ಕತ್ತರಿಸುವುದು. ಪೂರ್ತಿ ಬೆಳೆದ ಗರಿಯ ಕಡ್ಡಿ ಉಗುರಿನ ತುದಿಯಂತೆ ನಿರ್ಜೀವ; ಕತ್ತರಿಸಿದರೆ ನೋವಿಲ್ಲ. ಇಷ್ಟನ್ನು ತಿಳಿದು ನೆಮ್ಮದಿಪಡುವಷ್ಟರಲ್ಲಿ ವೈದ್ಯರು ಇನ್ನೊಂದು ಮಾತು ಹೇಳಿದರು: ಹೊಸದಾಗಿ ಮೂಡುತ್ತಿರುವ ಗರಿಯ ಕಡ್ಡಿಯಲ್ಲಿ ರಕ್ತ ಹರಿಯುತ್ತಿರುತ್ತದೆ, ಅದು ಕಪ್ಪಗೆ, ನೀಲಿಮಿಶ್ರಿತವಾಗಿ ಕಾಣುತ್ತದೆ. ಅದಕ್ಕೆ ಕತ್ತರಿ ತಾಗಿದರೆ ರಕ್ತ ಸುರಿಯುತ್ತದೆ. ಬಜರಿಗರಿನ ತೂಕ ೩೦ರಿಂದ ೪೦ ಗ್ರಾಂ, ಎಂದರೆ ಒಂದು ಕೋಳಿಮೊಟ್ಟೆಗಿಂತಲೂ ಕಡಿಮೆ. ಅದರ ಮೈಯಲ್ಲಿರುವ ರಕ್ತವೆಲ್ಲ ಸೇರಿ ಸುಮಾರು ಮೂರು ನಾಲ್ಕು ಗ್ರಾಂ. ನಮಗೆ ಕೆಲವೇ ಹನಿಯೆಂದು ತೋರುವುದು ಅದಕ್ಕೆ ಪ್ರಾಣಸಂಕಟ. ಅಂಥ ಸಮಯದಲ್ಲಿ ಶುಭ್ರವಾದ ಬಟ್ಟೆಯಿಂದ ಗರಿಯ ಬುಡವನ್ನು ಮೆಲ್ಲನೆ ಒತ್ತಿಹಿಡಿದು, ಕಾರ್ನ್‌ಫ್ಲೋರ್ ಮೆತ್ತಿ, ತಡಮಾಡದೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಹಿಡಿಯುವುದೂ ಒಂದು ವಿದ್ಯೆಯೇ. ನಮ್ಮ ಎದೆಗೂ ಹೊಟ್ಟೆಗೂ ನಡುವೆ ಇರುವಂಥ ವಪೆ ಹಕ್ಕಿಗೆ ಇಲ್ಲ. ಎದೆಯ ಎಲುಬನ್ನು ಮುಂದಕ್ಕೂ ಹಿಂದಕ್ಕೂ ಆಡಿಸಿಯೇ ಅದು ಉಸಿರಾಡಬೇಕು. ಆದುದರಿಂದ, ಜಾರಿಹೋದೀತೆಂಬ ಹೆದರಿಕೆಯಿಂದ ಎದೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರೆ ಮೂಗನ್ನು ಮುಚ್ಚದೆಯೇ ಅದರ ಉಸಿರು ಕಟ್ಟಿಸಿದಂತಾಗುತ್ತದೆ. ಮೆತ್ತನೆಯ ವಸ್ತ್ರದಲ್ಲಿ ಸುತ್ತಿ, ಕುತ್ತಿಗೆಯನ್ನು ಎರಡು ಬೆರಳುಗಳ ನಡುವೆ ಸಡಿಲವಾಗಿ ನಿಲ್ಲಿಸಿ, ಎದೆಯನ್ನು ಬಿಟ್ಟುಕೊಡಬೇಕು. ಒಬ್ಬರು ಹಿಡಿಯಬೇಕು, ಇನ್ನೊಬ್ಬರು ಕತ್ತರಿಸಬೇಕು. ಬೆಳಕಿನಲ್ಲಿ ರೆಕ್ಕೆಯನ್ನು ಬಿಡಿಸಿ ಒಂದೊಂದು ಗರಿಯನ್ನೂ ಪರೀಕ್ಷಿಸಿ, ಹೊರತುದಿಯಿಂದ ನಾಲ್ಕೈದು, ಹೆಚ್ಚೆಂದರೆ ಆರು ಗರಿಗಳನ್ನು, ಅವುಗಳ ಬುಡವನ್ನು ಮುಚ್ಚಿರುವ ಕಿರುಗರಿಗಳ ಅಂಚಿಗಿಂತ ಕೆಳಗೆ ಕತ್ತರಿಸುವುದು ಕ್ರಮ. ಎರಡು ರೆಕ್ಕೆಗಳಿಗೂ ಲೆಕ್ಕ ಒಂದೇ ಇರಬೇಕು. ಸರಿಯಾಗಿ ಕತ್ತರಿಸಿದ ಹಕ್ಕಿ ಮೇಲಕ್ಕೆ ಏರಲಾರದು, ಆದರೆ ತರಗೆಲೆಯಂತೆ ತೇಲುತ್ತ ನೆಲಕ್ಕಿಳಿಯುತ್ತದೆ. ಕಲ್ಲಿನಂತೆ ಬಿದ್ದರೆ ಕತ್ತರಿಸಿದ್ದು ಅತಿಯಾಯಿತು. ಎಲ್ಲಿ ‘ಸಾಕು’ ಎನ್ನಬೇಕೆಂಬುದೇ ಇಲ್ಲಿಯ ವಿದ್ಯೆ. ಮೊದಲ ಸಲ ಇದನ್ನು ಪಕ್ಷಿಗಳ ಅನುಭವವುಳ್ಳ ವೈದ್ಯರಿಂದಲೇ ಮಾಡಿಸುವುದು ಲೇಸು. ಇನ್ನೂ ಹಾರಲು ಕಲಿಯದ ಮರಿಗಂತೂ ಕತ್ತರಿ ಸಲ್ಲದು. ಹಾರಾಟದಲ್ಲಿಯೇ ಅದರ ಎದೆಯ ಮಾಂಸಖಂಡ ಬಲಿಯಬೇಕು, ತೂಕ ನಿಲ್ಲಿಸುವ ಅರಿವು ಮೂಡಬೇಕು.

ಅಂಗಡಿಯೊಂದರಲ್ಲಿ ಒಂದೇ ಕಡೆಯ ರೆಕ್ಕೆಯನ್ನು ಕತ್ತರಿಸಿ ಮಾರುವುದನ್ನು ನಾನು ಕಂಡಿದ್ದೇನೆ. ಆ ಹಕ್ಕಿ ಹಾರಲು ಯತ್ನಿಸಿದಾಗಲೆಲ್ಲ ಒಂದು ಮಗ್ಗುಲಿಗೆ ಬುಗುರಿಯಂತೆ ಸುತ್ತಿ ಎದೆಯಡಿಯಾಗಿ ಬೀಳುತ್ತಿತ್ತು. ಹಾಗೆ ಬೀಳುವುದರಿಂದ ಎದೆಯೆಲುಬಿನ ಮೇಲಿನ ಚರ್ಮ ಸೀಳಿಹೋಗುವುದುಂಟು.

ಕತ್ತರಿಯ ಪ್ರಯೋಜನವಾದರೂ ಎಷ್ಟು ದಿನ? ಕತ್ತರಿಸಿದ ಗರಿ ತಾನೇ ಬೆಳೆಯುವುದಿಲ್ಲ; ಗರಿ ಉದುರಿಸುವ ಕಾಲದಲ್ಲಿ ಆ ಮೋಟು ಬಿದ್ದು ಹೊಸ ಗರಿ ಮೂಡುತ್ತದೆ. ಇದು ಕೆಲವು ತಿಂಗಳುಗಳಲ್ಲಿ ಸದ್ದಿಲ್ಲದೆ ನಡೆದುಹೋಗುತ್ತದೆ. ‘ನಮ್ಮದು ಹಾರುವುದಿಲ್ಲ’ ಎಂಬ ಧೈರ್ಯದಿಂದ ಮನೆಯವರು ಹಕ್ಕಿಯನ್ನು ಭುಜದ ಮೇಲೆ ಕೂರಿಸಿ ಅಂಗಳಕ್ಕೆ ಹೋಗುತ್ತಾರೆ. ಒಂದು ಗಾಳಿ ಬೀಸಿದರೆ ಹಕ್ಕಿ ತೆಂಗಿನ ತಲೆಯ ಮೇಲೆ. ಬಟ್ಟಲಿನ ನವಣೆ ತಿಂದು ಬೆಳೆದ ಜೀವ ನಮ್ಮ ಕಾಗೆ, ಹದ್ದುಗಳ ನಡುವೆ ಎಷ್ಟು ಹೊತ್ತು ಉಳಿದೀತು? ಕತ್ತರಿಸಿದವರಿಗೆ ಒದಗುವ ಮರೆವು ಕತ್ತರಿಸದವರ ಭಯಕ್ಕಿಂತ ಅಪಾಯಕಾರಿ.

ಇನ್ನೊಂದು ಕಾರಣವೂ ನನ್ನ ಮನಸ್ಸಿನಲ್ಲಿತ್ತು. ನನ್ನ ಬಾಲ್ಯದಲ್ಲಿ ಅಜ್ಜನ ಮನೆಯ ಜಗಲಿಯಲ್ಲಿ ಗರಿ ಕತ್ತರಿಸಿದ ಒಂದು ಗಿಳಿಯಿತ್ತು. ಪಂಜರದ ಬಾಗಿಲು ಹಗಲೆಲ್ಲ ತೆರೆದಿರುತ್ತಿತ್ತು; ಹಾರಲಾರದ ಗಿಳಿಗೆ ಬಾಗಿಲು ಏತಕ್ಕೆ ಎಂಬುದು ಹಿರಿಯರ ತರ್ಕ. ಒಂದು ಮಧ್ಯಾಹ್ನ ಬೆಕ್ಕು ಜಗಲಿಯೇರಿತು. ಒಂದೇ ಒಂದು ಮಾರು ಮೇಲಕ್ಕೆ ಏರಬಲ್ಲುದಾಗಿದ್ದರೆ ಗಿಳಿ ಬದುಕುತ್ತಿತ್ತು. ಮನೆಯೊಳಗಿನ ಅಪಾಯಗಳಲ್ಲಿ ಕೆಲವಕ್ಕೆ ಹಾರಾಟ ಕಾರಣವಾಗಿರುವಂತೆ ಕೆಲವಕ್ಕೆ ಹಾರಾಟವೇ ಪರಿಹಾರವಾಗಿದೆ. ನಮ್ಮ ನಾಡಿನ ಗಿಳಿಗಳನ್ನು ಹೀಗೆ ಹಿಡಿದು ಸಾಕುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈಗ ಅಪರಾಧವೆಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಬಜರಿಗರ್ ನಮ್ಮ ಕಾಡಿನ ಹಕ್ಕಿಯಲ್ಲವಾದುದರಿಂದ ಅದಕ್ಕೆ ಈ ತಡೆಯಿಲ್ಲ. ಆದರೆ ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆ ಅದಕ್ಕೂ ಅನ್ವಯಿಸುತ್ತದೆ. ಅಲುಗಾಡಲು ಎಡೆಯಿಲ್ಲದ ಪಂಜರದಲ್ಲಿ ಯಾವ ಪ್ರಾಣಿಯನ್ನೂ ಇಡುವಂತಿಲ್ಲ.

ವಾಯಿದೆ ಮುಗಿದ ದಿನ ನಾನಿತ್ತ ತೀರ್ಪು ಇದು: ಅಪಾಯವಿರುವುದು ಫ್ಯಾನಿನಲ್ಲಿ, ಆದುದರಿಂದ ಕಡಿವಾಣ ಬೀಳಬೇಕಾದುದು ಫ್ಯಾನಿಗೆ. ಬಾಗಿಲು ಕಿಟಕಿಗಳನ್ನು ಕಾಯುವುದು ಯಾವ ರೀತಿಯಿಂದಲೂ ಸಾಧ್ಯವಿಲ್ಲದ ಮನೆಯಲ್ಲಿ, ವೈದ್ಯರ ಕೈಯಿಂದ, ಸ್ವಲ್ಪ ಕಾಲದ ಮಟ್ಟಿಗೆ ಗರಿ ಕತ್ತರಿಸುವುದನ್ನು ನಾನು ತಪ್ಪೆನ್ನಲಾರೆ. ಈ ವಿಷಯದಲ್ಲಿ ವೈದ್ಯರಲ್ಲಿಯೇ ಭಿನ್ನಾಭಿಪ್ರಾಯವುಂಟು. ಆದರೆ ನಮಗೆ ಸಾಧ್ಯವಿರುವ ಎಚ್ಚರಿಕೆಯನ್ನು ನಾವು ಉಳಿಸಿಕೊಳ್ಳುವುದಕ್ಕಾಗಿ ಹಕ್ಕಿ ತನ್ನ ಗರಿಯನ್ನು ತೆರಬಾರದು.

ನನ್ನಾಕೆ ತೀರ್ಪನ್ನು ಒಪ್ಪಿದಳು. ಆದರೆ ಕಾರ್ಯರೂಪಕ್ಕೆ ತರುವ ಅಧಿಕಾರವನ್ನು ತಾನೇ ವಹಿಸಿಕೊಂಡಳು. ಕಿಟಕಿಗಳಿಗೆ ಸೊಳ್ಳೆಬಲೆ ಬಂದಿತು. ಗೋಡೆಯೆಂದು ತಿಳಿಯದೆ ಹಕ್ಕಿ ಹೋಗಿ ಬಡಿಯದಿರಲೆಂದು ನಿಲುಗನ್ನಡಿಗೆ ಹಳೆಯ ಸೀರೆಯ ಪರದೆ ಬಂದಿತು. ಪಂಜರ ತೆರೆದಿರುವಾಗ ಅಡಿಗೆಮನೆಯ ಬಾಗಿಲು ಮುಚ್ಚಿರುತ್ತದೆ. ಮೊಮ್ಮಗಳು ನವಣೆಯ ತೆನೆಯನ್ನು ಬೆರಳಿಗೆ ಒತ್ತಿಹಿಡಿದು ದಿನವೂ ಕಾಲು ಗಂಟೆ ಕದಲದೆ ಕುಳಿತಳು. ಹದಿನೇಳನೆಯ ದಿನ ಹಕ್ಕಿ ತಾನಾಗಿಯೇ ಬಂದು ಬೆರಳೇರಿತು. ಗರಿ ಕತ್ತರಿಸಿದ್ದರೆ ಎರಡನೆಯ ದಿನವೇ ಏರುತ್ತಿತ್ತೋ ಏನೋ. ಬೇರೆಲ್ಲಿಗೂ ಹೋಗಲಾರದೆ ಬರುವುದಕ್ಕೂ ಹೋಗಬಲ್ಲುದಾಗಿಯೂ ಬರುವುದಕ್ಕೂ ಇರುವ ಅಂತರವನ್ನು ನಾನು ಅವಳಿಗೆ ಹೇಳಿಕೊಡಬೇಕಾಗಲಿಲ್ಲ.

ಫ್ಯಾನಿನ ಸ್ವಿಚ್ಚಿನ ಮೇಲೆ ಅವಳದೇ ದುಂಡನೆಯ ಅಕ್ಷರದಲ್ಲಿ ‘ಐದರಿಂದ ಆರರ ವರೆಗೆ ಮುಟ್ಟಬಾರದು’ ಎಂದು ಬರೆದ ಚೀಟಿ ಅಂಟಿಕೊಂಡಿದೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಕರಾವಳಿಯ ಸೆಕೆಯನ್ನು ಬಲ್ಲವರಿಗೆ ಆ ಒಂದು ಗಂಟೆಯ ಉದ್ದ ತಿಳಿಯುತ್ತದೆ. ನಾನೂ ನನ್ನಾಕೆಯೂ ಅಡಿಕೆಹಾಳೆಯ ಬೀಸಣಿಗೆ ಹಿಡಿದು ಚಾವಡಿಯಲ್ಲಿ ಕುಳಿತಿರುತ್ತೇವೆ. ತಲೆಯ ಮೇಲೆ ಮೂವತ್ತೈದು ಗ್ರಾಮಿನ ಗಾಳಿ ಬೀಸಿಹೋಗುತ್ತದೆ.