ಕಡಿದ ಹೊತ್ತಿನ ಲೆಕ್ಕ

2020ರ ಮಾರ್ಚ್ ತಿಂಗಳ ಕೊನೆಯಲ್ಲಿ ದೇಶದ ಬಾಗಿಲುಗಳೊಡನೆ ದೇವಾಲಯಗಳ ಬಾಗಿಲುಗಳೂ ಮುಚ್ಚಿದವು. ಮಾರ್ಚ್ 27ರ ಸಂಜೆ ಮಳೆಯಲ್ಲಿ ತೊಯ್ದ, ಜನರಿಲ್ಲದ ಸಂತ ಪೇತ್ರರ ಚೌಕದಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಒಬ್ಬರೇ ನಡೆದು ಬಂದುದನ್ನು ನಾವೆಲ್ಲ ಅಂಗೈಯಗಲದ ಪರದೆಯಲ್ಲಿ ನೋಡಿದೆವು. ಏಪ್ರಿಲ್ 12ರ ಪಾಸ್ಖ ಹಬ್ಬದ ಬಲಿಪೂಜೆಯಲ್ಲಿ ಭಾಗವಹಿಸಿದ್ದೂ ಅದೇ ಪರದೆಯ ಮುಂದೆ.

ನಮ್ಮ ಗೋಕಾಕದಿಂದಲೂ ಬಲಿಪೂಜೆಯನ್ನು ನೇರಪ್ರಸಾರ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತು. ಇದ್ದ ಹಳೆಯ ಲ್ಯಾಪ್‌ಟಾಪ್ ಭಾರವಾದ ತಂತ್ರಾಂಶಗಳನ್ನು ತಾಳದು. ಆದುದರಿಂದ ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ ಎಂಬವರು 2000ದಲ್ಲಿ ಆರಂಭಿಸಿದ, ಯಾರೂ ಉಚಿತವಾಗಿ ಬಳಸಬಹುದಾದ ‘ಎಫ್‌ಎಫ್‌ಎಂಪೆಗ್’ ಎಂಬ ತಂತ್ರಾಂಶವನ್ನು ಆಶ್ರಯಿಸಿದೆವು. ಅದರಲ್ಲಿ ಒತ್ತಲು ಗುಂಡಿಗಳಿಲ್ಲ, ನೋಡಲು ಅಂದವೂ ಇಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆಯ ಒಂದು ಸಾಲನ್ನು ಬೆರಳಚ್ಚಿಸಬೇಕು, ಅಷ್ಟೇ. ಬಹಳ ಹಿಂದೆಯೇ ಜಲಪಾತದ ನೀರಿನಿಂದ ವಿದ್ಯುತ್ತನ್ನು ತೆಗೆದ ಊರೆಂದು ನಾವು ಹೆಮ್ಮೆಪಡುತ್ತೇವೆ. ಆದರೂ ಗಾಳಿ ಜೋರಾದರೆ ಕರೆಂಟು ಹೋಗುತ್ತದೆ, ಕರೆಂಟಿನೊಡನೆ ಇಂಟರ್‌ನೆಟ್ಟೂ ಹೋಗುತ್ತದೆ. ಹೀಗಾಗಿ ಸಂಪರ್ಕ ಕಡಿದ ಕೂಡಲೇ ಐದು ಸೆಕೆಂಡು ಕಾದು ಪ್ರಸಾರವನ್ನು ಮತ್ತೆ ಆರಂಭಿಸುವಂತೆ ತರುಣನೊಬ್ಬ ಆಜ್ಞೆಗಳ ಸರಣಿಯೊಂದನ್ನು ಬರೆದುಕೊಟ್ಟನು.

ಹಿಂದೆ ನಾವಿಕರು ಹಗ್ಗ ಕಟ್ಟಿದ ಮರದ ತುಂಡನ್ನು ಕಡಲಿಗೆಸೆದು ಹಡಗಿನ ವೇಗವನ್ನು ಅಳೆದು, ಅದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ಮರದ ತುಂಡಿನ ಹೆಸರೇ ‘ಲಾಗ್’. ಗಣಕಯಂತ್ರವು ತನ್ನ ಕೆಲಸದ ಬಗ್ಗೆ ಬರೆದಿಡುವ ವರದಿಗೂ ಇಂದು ಅದೇ ಹೆಸರು. ನಮ್ಮ ಲಾಗ್ ಮೊದಮೊದಲು ಪ್ರಯೋಜನಕ್ಕೆ ಬರಲಿಲ್ಲ. ಆಜ್ಞೆಯ ಕೊನೆಗೆ ಒಂದು ಬಾಣದ ಗುರುತು ಹಾಕಿದರೆ ಪ್ರತಿ ಆರಂಭಕ್ಕೂ ಹಿಂದಿನ ಬರಹ ಅಳಿಸಿಹೋಗುತ್ತದೆ. ನಾಲ್ಕು ಸಲ ಕಡಿದಿದ್ದರೂ ಕಡತದಲ್ಲಿ ಉಳಿಯುವುದು ಕೊನೆಯ ಸಲದ್ದು ಮಾತ್ರ. ಎರಡು ಬಾಣ ಹಾಕಿದರೆ ಹಳೆಯದರ ಕೆಳಗೆ ಹೊಸದು ಸೇರುತ್ತದೆ. ಅದರಲ್ಲಿಯೂ ಈ ತಂತ್ರಾಂಶವು ತನ್ನ ಮಾತುಗಳನ್ನು ದೋಷಸಂದೇಶಗಳಿಗೆಂದು ಮೀಸಲಾದ ಬೇರೆ ದಾರಿಯಲ್ಲಿ ಕಳುಹಿಸುತ್ತದೆ; ಬಾಣದ ಹಿಂದೆ 2 ಎಂಬ ಅಂಕಿ ಇರದಿದ್ದರೆ ಕಡತ ಖಾಲಿ! ಇನ್ನೊಂದು ತೊಡಕು ಸಮಯದ್ದು. ಲಾಗ್‌ನಲ್ಲಿ ಕಾಣುವ ಸಮಯ ಪ್ರತಿ ಮರುಆರಂಭಕ್ಕೂ ಸೊನ್ನೆಯಿಂದ ಎಣಿಕೆಯಾಗುತ್ತದೆ. ಗೋಡೆಯ ಗಡಿಯಾರದ ಹೊತ್ತು ಬೇಕೆಂದರೆ ಪ್ರಸಾರ ಆರಂಭವಾದಾಗ ಮತ್ತು ನಿಂತಾಗ ದಿನಾಂಕ-ಸಮಯಗಳ ಸಾಲೊಂದನ್ನು ಬರೆಯಿರೆಂದು ಪ್ರತ್ಯೇಕವಾಗಿ ಆಜ್ಞಾಪಿಸಬೇಕು. ಇವೆಲ್ಲವನ್ನೂ ಆ ತರುಣನೇ ಕುಳಿತು ಸರಿಪಡಿಸಿದನು. ಇಷ್ಟೊಂದು ಲೆಕ್ಕವೇಕೆ ಎಂದು ನಮ್ಮಲ್ಲಿ ಕೆಲವರು ನಕ್ಕದ್ದೂ ಉಂಟು.

2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯ ಕಾಲದಲ್ಲಿ, ನಮ್ಮ ಹಿರಿಯ ತಾಯಿಯೊಬ್ಬರು ತೀರಿಕೊಂಡರು. ಒಬ್ಬನೇ ಮಗ ಕುವೈತಿನಲ್ಲಿ, ಬರುವ ದಾರಿಯಿರಲಿಲ್ಲ. ಬೆರಳೆಣಿಕೆಯ ಜನರ ನಡುವೆ ಬಲಿಪೂಜೆಯನ್ನೂ ಬಳಿಕ ಸಮಾಧಿ ಸಂಸ್ಕಾರವನ್ನೂ ಅವನಿಗಾಗಿ ಪ್ರಸಾರ ಮಾಡಿದೆವು. ಸಂಜೆ ಅವನ ಫೋನು ಬಂದಿತು. “ಕಾಕಾ, ಅವ್ವನ ಮಣ್ಣಿನ್ಯಾಗ ನಾ ಎಷ್ಟೊತ್ತು ಇರಲಿಲ್ಲ? ಖರೇ ಹೇಳ್ರಿ” ಎಂದನು.

ಸುಮ್ಮನೆ, ಹೆಚ್ಚೇನೂ ಹೋಗಿಲ್ಲ ತಮ್ಮಾ ಎನ್ನಬಹುದಾಗಿತ್ತು. ದುಃಖದಲ್ಲಿರುವವರಿಗೆ ನಾವು ಸಾಮಾನ್ಯವಾಗಿ ಹೇಳುವುದೂ ಅದನ್ನೇ. ಆದರೆ ಅವನು ಕೇಳಿದ ರೀತಿಗೆ ಆ ಉತ್ತರ ಸಲ್ಲುತ್ತಿರಲಿಲ್ಲ. ಲಾಗ್ ತೆರೆದು ನೋಡಿದೆ. ಮೂರು ಕಡೆ ಕಡಿದಿತ್ತು. ಶುಭಸಂದೇಶದ ವಾಚನದಲ್ಲಿ 40 ಸೆಕೆಂಡು. ಪೆಟ್ಟಿಗೆಯನ್ನು ಹೊರಗೆ ತರುವಾಗ 2 ನಿಮಿಷ 45 ಸೆಕೆಂಡು. ಸಿಗ್ನಲ್ ಸರಿಯಾಗಿ ಸಿಗದ ಸಮಾಧಿ ಸ್ಥಳದಲ್ಲಿ 6 ನಿಮಿಷ 10 ಸೆಕೆಂಡು. ಒಟ್ಟು 9 ನಿಮಿಷ 35 ಸೆಕೆಂಡು. ಮಣ್ಣು ಹಾಕಿದ್ದು ಆ ಮೂರನೆಯ ತುಂಡಿನಲ್ಲಿಯೇ.

ಅಷ್ಟನ್ನೂ ಓದಿ ಹೇಳಿದೆ. ಇನ್ನೊಂದು ಮಾತನ್ನೂ ಸೇರಿಸಬೇಕಾಯಿತು. ಲಾಗ್ ಬಲ್ಲುದು ಕಳುಹಿಸುವವನ ಕಡೆಯ ಸಂಗತಿಯನ್ನು ಮಾತ್ರ. ದಾರಿ ಕಡಿದದ್ದು ಯಂತ್ರಕ್ಕೆ ತಿಳಿಯುವ ಮೊದಲೇ ನೋಡುವವನ ಪರದೆ ನಿಂತಿರಬಹುದು. ವೇಗವೆಂಬ ಅಂಕಿ ಒಂದಕ್ಕಿಂತ ಕೆಳಗೆ ಇಳಿಯುತ್ತ ಬರುವುದೇ ಅದರ ಮುನ್ಸೂಚನೆ. “ನಿನಗ ಇದಕ್ಕಿಂತ ಒಂದೀಟು ಹೆಚ್ಚಿಗೇನ ಹೋಗಿರಬೇಕು ತಮ್ಮಾ” ಎಂದೆ. ಸ್ವಲ್ಪ ಹೊತ್ತು ಆ ಕಡೆ ಸದ್ದಿರಲಿಲ್ಲ.

ಕ್ಯಾಮೆರಾದೊಳಗಿನ ಕಾರ್ಡಿನಲ್ಲಿ ಎಲ್ಲವೂ ಕಡಿಯದೆ ದಾಖಲಾಗಿತ್ತು. ಲಾಗ್‌ನ ಹೊತ್ತುಗಳನ್ನು ಎದುರಿಗಿಟ್ಟುಕೊಂಡು, ಪ್ರತಿಯೊಂದಕ್ಕೂ ಹಿಂದೆ ಅರ್ಧ ನಿಮಿಷ ಹೆಚ್ಚಿಗೆ ಸೇರಿಸಿ, ಅದೇ ತಂತ್ರಾಂಶದಿಂದ ಮೂರು ತುಣುಕುಗಳನ್ನು ಕತ್ತರಿಸಿದೆ. ರಾತ್ರಿಯೆಲ್ಲ ನಿಧಾನವಾಗಿ ಹೋಗಿ ನಸುಕಿನಲ್ಲಿ ಅವನಿಗೆ ತಲುಪಿದವು.

ಎರಡು ದಿನ ಬಿಟ್ಟು, ಅವುಗಳನ್ನು ಮೊದಲಿನ ದೃಶ್ಯಕ್ಕೆ ಹೊಂದಿಸಿ ಒಂದೇ ಮಾಡಿಕೊಡಲೇ ಎಂದು ಕೇಳಿದೆ.

“ಬ್ಯಾಡ ಕಾಕಾ, ಬ್ಯಾರೇನ ಇರಲಿ” ಎಂದನು. “ಆ ಟೈಮ್ ಬರದಿದ್ರಲ್ಲ, ಅದನ್ನೂ ಕಳಸ್ರಿ.”