ಟ್ರಿನಿಡಾಡಿಗೆ ಹೋಗಿಬರುವವರಿಗೆ

ವೆಸ್ಟ್ ಇಂಡೀಸ್ ಎಂಬ ಹೆಸರು ಅಕ್ಕಲಕೋಟೆಯ ನಮ್ಮ ಮನೆಯನ್ನು ಹೊಕ್ಕದ್ದು ರೇಡಿಯೋ ವಾರ್ತೆಯ ಮೂಲಕ. 1976ರಲ್ಲಿ ಟ್ರಿನಿಡಾಡ್ ದ್ವೀಪದ ಪೋರ್ಟ್ ಆಫ್ ಸ್ಪೇನ್ ನಗರದಲ್ಲಿ ಭಾರತವು ಕೊನೆಯ ಸರದಿಯಲ್ಲಿ 406 ರನ್ನುಗಳನ್ನು ಕೂಡಿಸಿ ಗೆದ್ದಿತು. ಅವುಗಳಲ್ಲಿ 112 ನಮ್ಮ ಗುಂಡಪ್ಪ ವಿಶ್ವನಾಥರವು. ಆ ಊರನ್ನು ಕಣ್ಣಾರೆ ಕಾಣುವ ಯೋಗ ನಮಗೆ ಒದಗಿದ್ದು 2023ರ ಮಾರ್ಚ್ ತಿಂಗಳಲ್ಲಿ, ಅಮೆರಿಕದಲ್ಲಿರುವ ಮಗ, ಸೊಸೆ ಹಾಗೂ ಒಂಬತ್ತು ವರ್ಷದ ಮೊಮ್ಮಗಳೊಡನೆ. ನಮ್ಮಂತೆ ಇಳಿವಯಸ್ಸಿನಲ್ಲಿ ಹೊರಡುವ ಓದುಗರಿಗೆ ಉಪಯೋಗವಾದೀತೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲನೆಯದು ಹಳದಿ ಜ್ವರದ ಚುಚ್ಚುಮದ್ದು. ಟ್ರಿನಿಡಾಡನ್ನು ಬಿಟ್ಟು ಆರು ದಿನಗಳೊಳಗೆ ಭಾರತವನ್ನು ಸೇರುವವರಿಂದ ನಮ್ಮ ವಿಮಾನ ನಿಲ್ದಾಣದಲ್ಲಿ ಅದರ ಪ್ರಮಾಣಪತ್ರವನ್ನು ಕೇಳುತ್ತಾರೆ. ಇಲ್ಲದವರನ್ನು ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರವು ಗೊತ್ತುಪಡಿಸಿದ ಕೇಂದ್ರದಲ್ಲಿಯೇ ಚುಚ್ಚಿಸಿಕೊಳ್ಳಬೇಕು. ಹತ್ತು ದಿನಗಳು ಕಳೆದ ಮೇಲೆಯೇ ಪತ್ರವು ಸಿಂಧುವಾಗುತ್ತದೆ. ಅರವತ್ತು ದಾಟಿದವರು ಮೊದಲು ವೈದ್ಯರನ್ನು ವಿಚಾರಿಸತಕ್ಕದ್ದು. ಭಾರತದಿಂದ ನೇರ ವಿಮಾನವಿಲ್ಲ. ಅಮೆರಿಕದ ಮಾರ್ಗವಾಗಿ ಹೋಗುವವರಿಗೆ, ಅಲ್ಲಿ ವಿಮಾನವನ್ನು ಬದಲಾಯಿಸುವುದಷ್ಟೇ ಇದ್ದರೂ, ಆ ದೇಶದ ವೀಸಾ ಬೇಕು.

ಜನವರಿಯಿಂದ ಮೇ ತಿಂಗಳವರೆಗೆ ಅಲ್ಲಿ ಒಣಹವೆ. ಆದರೆ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬರುವ ಕಾರ್ನಿವಲ್ ಉತ್ಸವದ ವಾರದಲ್ಲಿ ಜನಸಂದಣಿಯೂ ವಸತಿಯ ಬೆಲೆಯೂ ವಿಪರೀತ. ನೆಮ್ಮದಿ ಬಯಸುವವರು ಅದು ಮುಗಿದ ಮೇಲೆ ಹೋಗುವುದು ಲೇಸು. ಸೈನಿಕರ ಉಡುಪಿನಂತಹ ಮಚ್ಚೆಮಚ್ಚೆಯ ಬಟ್ಟೆಯನ್ನು ಅಲ್ಲಿ ಸಾಮಾನ್ಯ ಜನರು ತೊಡುವುದು ಅಪರಾಧ. ಮೊಮ್ಮಗಳ ಪ್ರೀತಿಯ ಟೋಪಿಯೊಂದು ಇದೇ ಕಾರಣದಿಂದ ಮನೆಯಲ್ಲಿಯೇ ಉಳಿಯಿತು. ವಿದ್ಯುತ್ತು 115 ವೋಲ್ಟ್ ಮಾತ್ರ. ಊರಿನಿಂದ ಒಯ್ದ ನಮ್ಮ ಕೆಟಲಿನಲ್ಲಿ ಚಹಾದ ನೀರು ಕುದಿಯುವಷ್ಟರಲ್ಲಿ ನಮ್ಮ ಸ್ನಾನವೇ ಮುಗಿದಿರುತ್ತಿತ್ತು.

ಊಟಕ್ಕೆ ಸಸ್ಯಾಹಾರಿಗಳು ಅಂಜಬೇಕಾಗಿಲ್ಲ. ಎರಡು ಮೆತ್ತನೆಯ 'ಬಾರಾ'ಗಳ ನಡುವೆ ಕಡಲೆಯ ಪಲ್ಯವಿಟ್ಟು ಕೊಡುವ 'ಡಬಲ್ಸ್' ಬೀದಿಬೀದಿಯಲ್ಲಿ ದೊರೆಯುತ್ತದೆ. ಖಾರ ಕಡಿಮೆಯಿರಲೆಂದು ಮೊದಲೇ ಹೇಳಬೇಕು. ಬೇಳೆಯ ಪುಡಿಯನ್ನು ಒಳಗೆ ತುಂಬಿದ 'ದಾಲ್‌ಪುರಿ' ರೊಟ್ಟಿಯನ್ನು ಕಂಡಾಗ ನಮಗೆ ಸಿಹಿಯಿಲ್ಲದ ಹೋಳಿಗೆಯನ್ನು ಕಂಡಂತಾಯಿತು.

ನೋಡತಕ್ಕ ಸ್ಥಳಗಳಲ್ಲಿ ಕರೋನಿ ಜೌಗು ಮುಖ್ಯವಾದುದು. ಇಳಿಹೊತ್ತಿನಲ್ಲಿ ದೋಣಿಯೇರಿ ಕುಳಿತರೆ, ಕೆಂಡದ ಬಣ್ಣದ ಐಬಿಸ್ ಹಕ್ಕಿಗಳು ಹಿಂಡುಹಿಂಡಾಗಿ ಮರಳಿ ಗಿಡಗಳ ಮೇಲೆ ಎರಗುವುದನ್ನು ಕಾಣಬಹುದು. ಸೊಳ್ಳೆಗೆ ಹಚ್ಚಿಕೊಳ್ಳುವ ಔಷಧವನ್ನು ಮರೆಯಬಾರದು. ಲಾ ಬ್ರೇ ಎಂಬಲ್ಲಿ ಸುಮಾರು 100 ಎಕರೆಗಳ ಡಾಂಬರಿನ ಸರೋವರವಿದೆ. ನಡುನಡುವೆ ಕಾಲು ಹೂಳುವಷ್ಟು ಮೆದುವಾದ ಜಾಗಗಳಿರುವುದರಿಂದ ಮಾರ್ಗದರ್ಶಕನಿಲ್ಲದೆ ಇಳಿಯಕೂಡದು.

ವಾಟರ್‌ಲೂ ಗ್ರಾಮದ ಕಡಲ ಗುಡಿಯನ್ನು ಭರತದ ವೇಳೆಯಲ್ಲಿಯೇ ನೋಡಬೇಕು. ನೀರಿಳಿದಾಗ ಸುತ್ತಲೂ ಕೆಸರು ತೋರುತ್ತದೆ. ಸಿವದಾಸ್ ಸಾಧು ಎಂಬ ಕೂಲಿಕಾರರು 1947ರಲ್ಲಿ ದಡದ ಮೇಲೊಂದು ಗುಡಿಯನ್ನು ಕಟ್ಟಿದರು. ನೆಲವು ಸಕ್ಕರೆ ಕಂಪನಿಯದೆಂದು ಗುಡಿಯನ್ನು ಕೆಡವಿ, ಅವರನ್ನು ಸೆರೆಮನೆಗೆ ಕಳುಹಿಸಲಾಯಿತು. ಬಿಡುಗಡೆಯಾದ ಮೇಲೆ ಅವರು ಸೈಕಲ್ಲಿನ ಮೇಲೆ ಕಲ್ಲುಗಳನ್ನು ಹೊತ್ತು ತಂದು, ವರ್ಷಗಟ್ಟಲೆ ದುಡಿದು, ಕಡಲಿನೊಳಗೇ ಗುಡಿಯನ್ನು ಕಟ್ಟಿದರು. ಈಗಿರುವುದು 1995ರಲ್ಲಿ ಪುನಃ ನಿರ್ಮಿಸಿದ್ದು.

ಅಲ್ಲಿ ನಮ್ಮ ಮೊಮ್ಮಗಳು "ಅಜ್ಜೀ" ಎಂದು ಕೂಗಿದ್ದನ್ನು ಕೇಳಿ, ಹೂವು ಏರಿಸುತ್ತಿದ್ದ ವೃದ್ಧೆಯೊಬ್ಬರು ತಿರುಗಿ ನೋಡಿದರು. "ನಾವೂ ತಂದೆಯ ತಾಯಿಯನ್ನು ಆಜಿ ಎನ್ನುತ್ತೇವೆ" ಎಂದು ಇಂಗ್ಲಿಷಿನಲ್ಲಿ ನುಡಿದರು. 1845ರ ಮೇ 30ರಂದು ಭಾರತೀಯ ಕೂಲಿಕಾರರ ಮೊದಲ ಹಡಗು ಆ ದ್ವೀಪವನ್ನು ಮುಟ್ಟಿತು. 1917ರವರೆಗೆ ಲಕ್ಷಕ್ಕೂ ಮಿಕ್ಕಿ ಜನರು ಕಬ್ಬಿನ ತೋಟಗಳಿಗೆ ಬಂದರು. ಆಕೆಯ ಆಜಿ ಭೋಜಪುರಿಯನ್ನಾಡುತ್ತಿದ್ದರಂತೆ. ಆಕೆಗೆ ಅದು ಕೇಳಿದರೆ ತಿಳಿಯುತ್ತಿತ್ತು. ಮಕ್ಕಳಿಗೆ ರೊಟ್ಟಿಯ ಹೆಸರು, ನೆಂಟರ ಹೆಸರುಗಳು ಮಾತ್ರ ಉಳಿದಿವೆ. "ಯಾರೂ ಕಸಿದುಕೊಳ್ಳಲಿಲ್ಲ, ನಾವೇ ಕಲಿಸಲಿಲ್ಲ" ಎಂದರು.

ಆ ಮಾತು ನಮ್ಮನ್ನು ಚುಚ್ಚಿತು. ನಾವು ಸಾಗರವನ್ನೇನೂ ದಾಟಿದವರಲ್ಲ. ಅಕ್ಕಲಕೋಟೆಯಲ್ಲಿ ಕನ್ನಡ ಶಾಲೆಯಿದ್ದರೂ, ಮುಂದೆ ನೌಕರಿಗೆ ಅನುಕೂಲವೆಂದು ಮಗನನ್ನು ಮರಾಠಿ ಶಾಲೆಗೆ ಹಾಕಿದವರು ನಾವೇ. ಅವನಿಗೆ ಕನ್ನಡವನ್ನು ಆಡಲು ಬರುತ್ತದೆ, ಓದಲು ಬಾರದು. ಅವನ ಮಗಳಿಗೆ ಅಜ್ಜಿ, ಅಜ್ಜ, ಬಾ, ಊಟ ಎಂಬ ಹತ್ತಿಪ್ಪತ್ತು ಶಬ್ದಗಳು ಮಾತ್ರ ಗೊತ್ತು.

ಆದುದರಿಂದ ಕೊನೆಯ ಸಲಹೆಯೊಂದನ್ನು ಸೇರಿಸುತ್ತೇವೆ. ಮಕ್ಕಳೊಡನೆ ದೂರ ಪ್ರಯಾಣ ಹೊರಡುವಾಗ ಪೆಟ್ಟಿಗೆಯಲ್ಲಿ ಒಂದು ಅಂಕಲಿಪಿ ಇರಲಿ. ಇಡೀ ಕುಟುಂಬಕ್ಕೆ ಅಷ್ಟು ಬಿಡುವು ಊರಿನಲ್ಲಿ ದೊರೆಯುವುದಿಲ್ಲ. ನಾವು ಒಯ್ದಿರಲಿಲ್ಲ. ಆ ರಾತ್ರಿ ಹೋಟೆಲಿನ ಕಾಗದದ ಮೇಲೆ 'ಅ, ಆ' ಬರೆದು ಮೊಮ್ಮಗಳಿಗೆ ತಿದ್ದಿಸಿದೆವು. 'ಈ' ಬರೆಯುವಾಗ ಅವಳು ತಡವರಿಸಿದಳು. ಪಕ್ಕದಲ್ಲಿ ಕುಳಿತಿದ್ದ ಮಗನು ಏನೂ ಹೇಳದೆ ಇನ್ನೊಂದು ಕಾಗದವನ್ನು ತನ್ನ ಮುಂದೆ ಎಳೆದುಕೊಂಡನು.